ಸಾಹೇಬರು ನೋಡಿದ ಗೋಡೆ

"ಸರ್ಕಾರದ ರೊಕ್ಕದಾಗ ನಮ್ಮ ಮನಿ ಗ್ವಾಡಿ ಕಟ್ಟಸಲಿಲ್ಲಂದ್ರ ನನ್ನ ಹೆಸರು ಮಾಳಿಂಗರಾಯನ ಅಲ್ಲ!"

ಚಿಮ್ಮಡದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಮೀಸೆ ತಿರುವುತ್ತ ಮಾಳಿಂಗರಾಯ ಮಾಡಿದ ಈ ಘೋರ ಪ್ರತಿಜ್ಞೆ ಕೇಳಿ ಅಂಗಡಿಯವನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತ.

ಪ್ರತಿಜ್ಞೆಗೆ ಕಾರಣವೂ ಇತ್ತು. ಮುಧೋಳಕ್ಕೆ ಕೊಟ್ಟ ಮಗಳು ವೈಶಾಲಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಯನ್ನು ಮಲಗಿಸಲು ಮನೆಯಲ್ಲಿದ್ದದ್ದು ಒಳಗಿನ ಒಂದೇ ಕೋಣೆ. ಆ ಕೋಣೆಯ ಗೋಡೆಯೋ, ಹೋದ ಮಳೆಗಾಲದಲ್ಲಿ ಮೇಲಿನಿಂದ ಕೆಳಗಿನವರೆಗೆ ಬಾಯಿ ಬಿಟ್ಟು ನಿಂತಿತ್ತು. ಹಿರಿಯರು ಕಲ್ಲು ಮಣ್ಣಿನಲ್ಲಿ ಎರಡು ಪದರಾಗಿ ಕಟ್ಟಿದ ಗೋಡೆ ಅದು. ಇವನಿಗೂ ಪಕ್ಕದ ಮನೆಯ ಅಂದಾನೆಪ್ಪನಿಗೂ ಅದೊಂದೇ. ಬಿರುಕು ಎಷ್ಟು ಭವ್ಯವಾಗಿತ್ತೆಂದರೆ, ಮಾಳಿಂಗರಾಯನ ಹೆಂಡತಿ ಸುಂದರವ್ವ ಇಲ್ಲಿ ಜೋಳ ಹಸನು ಮಾಡುತ್ತಲೇ ಅಂದಾನೆಪ್ಪನ ಟಿವಿಯಲ್ಲಿ ಧಾರಾವಾಹಿ ನೋಡಿ ಮುಗಿಸುತ್ತಿದ್ದಳು!

"ಇದನ್ನ ನೋಡಿದ್ರ ಬೀಗ್ತಿ ನನ್ನ ಮಗಳನ್ನ ಕಳಸ್ತಾಳೇನ್ರಿ?" ಎಂದು ಅವಳು ದಿನಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬಡವರ ಮನಿ ರಿಪೇರಿಗೆ ಸರ್ಕಾರ ರೊಕ್ಕಾ ಕೊಡಾಕತ್ತೈತಿ, ಅರ್ಜಿ ಹಾಕೇನಿ. ಇಂಜಿನಿಯರ್ ಸಾಹೇಬ್ರು ಖುದ್ದ ಬಂದು ನೋಡ್ತಾರ. ನೋಡಿದ್ರಂದ್ರ ಆತು, ಮಂಜೂರು!"

ಅರ್ಜಿಯನ್ನು ಅಂದಾನೆಪ್ಪನೂ ಹಾಕಿದ್ದ. ಆದರೆ ಅವನ ಕಡೆಯ ಬಿರುಕಿಗೆ ತಮ್ಮ ಬಿರುಕಿನ ಗತ್ತು ಇಲ್ಲವೆಂದು ಮಾಳಿಂಗರಾಯನಿಗೆ ಬಹಳ ಹೆಮ್ಮೆ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹಿಪ್ಪರಗಿ ಕಡೆ ಹೋಗಬೇಕಾಯಿತು. ಕಬ್ಬು ಕಡಿದ ಹೊಲದಲ್ಲಿ ಹಿಂಡು ತರುಬಿ ಕೂತಿದ್ದಾಗಲೇ ಫೋನು ಬಂತು. ಇಂಜಿನಿಯರು ಬರುವುದು ಮುಂದಿನ ಸೋಮವಾರ! ಕೂಡಲೇ ಹೆಂಡತಿಗೆ ಫೋನು ಹಚ್ಚಿದ.

"ನಾ ಇಲ್ಲಿಂದನ ಸೀದಾ ಬನಹಟ್ಟಿಗೆ ಹೋಗಿ ಸಾಹೇಬ್ರನ್ನ ಗಾಡಿ ಮ್ಯಾಲ ಕರ್ಕೊಂಡ ಬರ್ತೀನಿ."

"ನೀವೇನೂ ಕಾಳಜಿ ಮಾಡಬ್ಯಾಡ್ರಿ. ಮನಿ ಕಡೆ ನಾ ನೋಡ್ಕೋತೀನಿ."

ಹೆಂಡತಿಯ ಬಾಯಿಂದ ಇಂಥ ಮಾತು ಬಂದಾಗ ಗಂಡನಾದವನಿಗೆ ಒಳಗೊಳಗೇ ಭಯ ಹುಟ್ಟಬೇಕು. ಮಾಳಿಂಗರಾಯನಿಗೆ ಹುಟ್ಟಲಿಲ್ಲ. ಬೀರೇಶ್ವರನಿಗೆ ಕೈಮುಗಿದು, ಕಂಬಳಿ ಹೊದ್ದು ಸುಖವಾಗಿ ಮಲಗಿದ.

ಸೋಮವಾರ ದಾರಿಯುದ್ದಕ್ಕೂ ಇಂಜಿನಿಯರ್ ಸಂಜಯ ಅವರಿಗೆ ಬಿರುಕಿನ ವರ್ಣನೆಯೇ ವರ್ಣನೆ.

"ಸಾಹೇಬ್ರ, ಎದಿ ಗಟ್ಟಿ ಮಾಡ್ಕೋರಿ! ಕೈ ಹಾಕಿದ್ರ ಮೊಣಕೈ ಮಟಾ ಒಳಗ ಹೊಕ್ಕೈತಿ!"

ಹಿಂದೆ ಕೂತ ಸಾಹೇಬರು ಪಾಪ, ಲೊಚಗುಟ್ಟಿದರು.

ಮನೆ ಮುಟ್ಟಿದರೆ ಬಾಗಿಲಿಗೆ ಮಾವಿನ ತೋರಣ! ಅಂಗಳದಲ್ಲಿ ರಂಗೋಲಿ! ಮಾಳಿಂಗರಾಯ ಒಳಕೋಣೆಗೆ ಕಾಲಿಟ್ಟವನು ಅಲ್ಲೇ ಕಲ್ಲಾದ. ಬಿರುಕು ಮಾಯ! ಗೋಡೆಗೆ ನೀಲಿ ಬೆರೆಸಿದ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ನಡುವೆ ಹಾರ ಹಾಕಿಸಿಕೊಂಡು ಕೂತ ಬೀರೇಶ್ವರನ ಫೋಟೋ, ಅದರ ಕೆಳಗೆ ಯಾರದೋ ಮನೆಯಿಂದ ಹೊತ್ತು ತಂದ ಸೋಫಾ!

"ಬಿರುಕೆಲ್ಲೈತಿ ಬೇ?" ಎಂದು ಹೆಂಡತಿಯತ್ತ ತಿರುಗಿದ.

"ಮುಚ್ಚೇನ್ರಿ!" ಸುಂದರವ್ವನ ಮುಖದಲ್ಲಿ ಬೆಳಕೇ ಬೆಳಕು. "ಮಣ್ಣು, ಹೊಟ್ಟು, ಸಗಣಿ ಕೂಡಿಸಿ ತುಳದು ತುಳದು ಕಾಲು ಬಾತಾವ ನೋಡ್ರಿ!"

"ಸಾಹೇಬ್ರು ನೋಡಾಕ ಬಂದದ್ದ ಅದನ್ನಲ್ಲೇನು!"

"ಅಯ್ಯ! ಕನ್ಯಾ ನೋಡಾಕ ಬಂದವರ ಮುಂದ ಹುಡುಗೀನ ಹರಕ ಸೀರ್ಯಾಗ ನಿಂದ್ರಸ್ತಾರೇನ್ರಿ? ರೊಕ್ಕಾ ಕೊಡಾವ್ರಿಗೆ, ಇವರು ಮನಿ ಛಂದ ಇಟ್ಕೋತಾರ ಅಂತ ನಂಬಿಕಿ ಬರಬ್ಯಾಡೇನು?"

ಅಷ್ಟರಲ್ಲಿ ಸಾಹೇಬರು ಸೋಫಾದಲ್ಲಿ ಕೂತು ಶೇಂಗಾ ಹೋಳಿಗೆ ತಿಂದು, ಗೋಡೆಯ ಫೋಟೋ ಹೊಡೆದು ಮೊಬೈಲಿನಲ್ಲೇ ಕಚೇರಿಗೆ ಕಳಿಸಿಯೂ ಆಗಿತ್ತು.

"ಛಲೋ ಐತಲ್ರಿ ಮನಿ! ನಮ್ಮ ಕ್ವಾರ್ಟರ್ಸಿಗಿಂತಾ ಛಲೋ ಐತಿ."

"ಸಾಹೇಬ್ರ, ಇದು ಖರೆ ಗ್ವಾಡಿ ಅಲ್ರಿ! ಖರೇದು ಒಳಗೈತಿ!"

ಮಾಳಿಂಗರಾಯ ಉಗುರಿನಿಂದ ಕೆರೆದ. ಉಗುರಿಗೆ ಸುಣ್ಣ ಹತ್ತಿತು, ಅಷ್ಟೇ. ಮುಷ್ಟಿಯಿಂದ ಗುದ್ದಿದ, ಕೈ ಊದಿತು. ಓಡಿಬಂದು ಒದ್ದ; ಬೀರೇಶ್ವರನ ಫೋಟೋ ಸಹ ಅಲುಗಲಿಲ್ಲ.

"ಎಷ್ಟರ ಒದೀರಿ," ಸುಂದರವ್ವ ಸೆರಗು ಸಿಕ್ಕಿಸಿ ನಿಂತಳು, "ನಾ ಮೆತ್ತಿದ ಮಣ್ಣು ಹಂಗ ಬೀಳೂದಲ್ಲ!"

ಮಾಳಿಂಗರಾಯನಿಗೆ ಇನ್ನು ಮೈಮೇಲೆ ಎಚ್ಚರವಿರಲಿಲ್ಲ. ಹಿತ್ತಲಿಗೆ ಓಡಿ ಕಬ್ಬಿಣದ ಹಾರೆ ತಂದವನೇ, ಸಾಹೇಬರು "ಏ, ಏ!" ಎನ್ನುವುದರೊಳಗೆ ಬಲವಾಗಿ ಒಂದು ಏಟು ಹಾಕಿದ. ಧಡಾಲ್! ಮನೆಯೇ ನಡುಗಿತು.

"ಬಿತ್ತು ಸಾಹೇಬ್ರ, ಬಿತ್ತು!" ಎಂದು ಹಾರೆ ಎತ್ತಿಕೊಂಡು ಕುಣಿದ.

ಕುಣಿದು ತಿರುಗಿ ನೋಡಿದರೆ ಗೋಡೆ ನಗುತ್ತ ನಿಂತಿದೆ. ಹಾಗಾದರೆ ಬಿದ್ದದ್ದೇನು?

"ಅಯ್ಯಯ್ಯ, ನನ್ನ ಗ್ವಾಡೀ!" ಪಕ್ಕದ ಮನೆಯಿಂದ ಅಂದಾನೆಪ್ಪನ ತಾಯಿ ಮುದಕವ್ವನ ಕೂಗು!

ಮಾಳಿಂಗರಾಯನ ಜೀವ ಬಾಯಿಗೆ ಬಂತು. ಓಡಿಹೋಗಿ ನೋಡಿದರೆ ಪುಣ್ಯಕ್ಕೆ ಮುದುಕಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಮಾತ್ರ, ಗೋಡೆಯ ಆ ಬದಿಯ ಕಲ್ಲೆಲ್ಲ ಉದುರಿ ರಾಶಿ ಬಿದ್ದಿತ್ತು. ಒಳಗಿದ್ದಿದ್ದರೆ? ಎಂದು ನೆನೆದದ್ದೇ ತಡ, ಹಾರೆ ಕೈಜಾರಿ ಬಿತ್ತು.

ಬೆವರೊರೆಸಿಕೊಳ್ಳುತ್ತ ಸಾಹೇಬರು ಆ ರಾಶಿಯ ಫೋಟೋ ಹೊಡೆದರು. "ಒಂದ ಏಟಿಗೆ ಬಿತ್ತಂದ್ರ ಇದು ಮೊದಲ ಸತ್ತ ಗ್ವಾಡಿ. ಅಂದಾನೆಪ್ಪನ ಅರ್ಜಿ ಇವತ್ತ ಮಂಜೂರಿಗೆ ಬರೀತೀನಿ. ಪೂರ್ತಿ ಹೊಸಾದು ಕಟ್ಟಬೇಕು, ಅರ್ಜೆಂಟ್!"

"ಹಂಗಾರ ನಂದೂ ಬರೀರಿ ಸಾಹೇಬ್ರ. ಗ್ವಾಡಿ ಒಂದ ಅಲ್ಲೇನ್ರಿ?"

"ನಿಮ್ಮ ಫೋಟೋ ಆಗಲೇ ಹೋತಲ್ರಿ. ಹಾರಿಲೆ ಹೊಡದ್ರೂ ಬೀಳದ ಗ್ವಾಡಿಗೆ ನಾ ಏನಂತ ಬರೀಲಿ?"

ಹೊಲದಿಂದ ಓಡಿಬಂದ ಅಂದಾನೆಪ್ಪ ವಿಷಯ ತಿಳಿದವನೇ ಮಾಳಿಂಗರಾಯನನ್ನು ತಬ್ಬಿಕೊಂಡು ಬಿಟ್ಟ. "ಅಣ್ಣಾ, ಒಡಹುಟ್ಟಿದವರೂ ಇಷ್ಟು ಮಾಡೂದಿಲ್ಲೋ!"

ಇರಲಿ ಬಿಡು, ಯಾರ ಹೆಸರಿನಲ್ಲಾದರೂ ಗೋಡೆ ಹೊಸದಾದರೆ ತನ್ನ ಕೋಣೆಯೂ ಭದ್ರವಾಗುತ್ತದಲ್ಲ, ಹೆರಿಗೆಯ ಹೊತ್ತಿಗೆ ಆದೀತು ಎಂದು ಮಾಳಿಂಗರಾಯ ಸಮಾಧಾನ ತಂದುಕೊಳ್ಳುವಷ್ಟರಲ್ಲಿ ಸುಂದರವ್ವ ಮುದಕವ್ವನತ್ತ ತಿರುಗಿ ಬಾಯಿ ತೆರೆದಳು.

"ಅಲ್ಲಿ ಮಟಾ ಈ ಮನ್ಯಾಗ ಹೆಂಗ ಇರ್ತೀರಿ ಅತ್ತೀ? ಎಲ್ಲಾರೂ ನಮ್ಮ ಮನಿಗೆ ನಡೀರಿ! ಕೆಡವಿದವರು ನಾವ, ನಾವ ನೋಡ್ಕೋಬೇಕು."

ಬೇಡ ಎನ್ನಲು ಮಾಳಿಂಗರಾಯನಿಗೆ ಯಾವ ಮುಖವಿತ್ತು? ಸಂಜೆಯೊಳಗೆ ಅಂದಾನೆಪ್ಪ, ಅವನ ಹೆಂಡತಿ ಮಕ್ಕಳು, ಟಿವಿ, ಮುದಕವ್ವನ ಮಂಚ, ಒಂದು ಎಮ್ಮೆ ಎಲ್ಲವೂ ಬಂದಿಳಿದವು. ಹೊಸ ಗೋಡೆ ಏಳುವವರೆಗೆ ಒಳಕೋಣೆಗೆ ಹೋಗಬೇಡಿ ಎಂದು ಸಾಹೇಬರು ಬೀಗ ಹಾಕಿಸಿದ್ದರಿಂದ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯ ಯಜಮಾನನಿಗೆ ಉಳಿದದ್ದು ಕುರಿದೊಡ್ಡಿ. ಅಲ್ಲಿ ಕಂಬಳಿ ಹಾಸುತ್ತಿದ್ದಾಗ ಮುಧೋಳದಿಂದ ಮಗಳ ಫೋನು.

"ಅಪ್ಪಾ, ಸಾಹೇಬ್ರು ಬಂದಿದ್ರಂತ! ರಿಪೇರಿ ರೊಕ್ಕಾ ಮಂಜೂರಾತೇನು?"

"ಆತವ್ವಾ, ಆತು," ಎಂದ ಮಾಳಿಂಗರಾಯ, ಮುಖಕ್ಕೆ ಮುಖ ತಂದ ಟಗರನ್ನು ಅತ್ತ ತಳ್ಳುತ್ತ. "ರೊಕ್ಕಾ ಅಂದಾನೆಪ್ಪನ ಮನಿಗೆ ಬಂತು, ಅಂದಾನೆಪ್ಪ ನಮ್ಮ ಮನಿಗೆ ಬಂದ!"