ವಾಂತಿ ಬಾರದ ಕಾರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳೇ ಕಾರು ದಲ್ಲಾಳಿಗಳಲ್ಲಿ ಒಬ್ಬರೂ ಇವತ್ತಿಗೂ ನಮ್ಮ ಭಾವನ ಫೋನು ಎತ್ತುವುದಿಲ್ಲ. ಭಾವ ಯಾರಿಗೂ ಮೋಸ ಮಾಡಿದವರಲ್ಲ, ಮಾತಿಗೆ ತಪ್ಪಿದವರಲ್ಲ, ಯಾರ ಮೇಲೂ ದನಿ ಏರಿಸಿದವರೂ ಅಲ್ಲ. ಕಾರು ನೋಡಲು ಹೋದಾಗಲೆಲ್ಲ ವಾಂತಿ ಮಾಡುವ ಮನುಷ್ಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು, ಅಷ್ಟೇ.

ನಗಬೇಡಿ. ನಾನೂ ಆ ಕಾರುಗಳಲ್ಲಿ ಕೂತಿದ್ದೆ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಪಾಂಡವಪುರದಲ್ಲಿ ನನ್ನದೊಂದು ಶಾಮಿಯಾನ, ಪಾತ್ರೆ ಬಾಡಿಗೆ ಕೊಡುವ ಅಂಗಡಿ. ಎರಡು ಕೊಪ್ಪರಿಗೆ, ಒಂದು ಹರಿದ ಜಮಖಾನ ಇಟ್ಟುಕೊಂಡು ಶುರು ಮಾಡಿದ್ದು. ಈಗ ಒಂದೇ ದಿನ ಮೂರು ಮದುವೆಗೆ ಪಾತ್ರೆ ಕಳಿಸುತ್ತೇನೆ. ಗೂಡ್ಸ್ ಆಟೋ, ವ್ಯಾನು ಎಂದು ನಾನು ಕೊಂಡ ಗಾಡಿಗಳೆಲ್ಲ ಸೆಕೆಂಡ್‌ಹ್ಯಾಂಡೇ. ಒಂದರಲ್ಲೂ ಏಮಾರಿಲ್ಲ. ಹಾಗಾಗಿ ಯಾರಾದರೂ ಕಾರು ಎಂದರೆ ಸಾಕು, ಕೇಳದಿದ್ದರೂ ಬುದ್ಧಿ ಹೇಳುತ್ತೇನೆ. ನೀವೂ ಕೇಳಿಸಿಕೊಳ್ಳಿ. ಹಳೇ ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು. ಹೋದವರು ಮೊದಲು ಬಾನೆಟ್ಟಿನ ಮೇಲೆ ಕೈಯಿಡಬೇಕು. ಬಿಸಿಯಾಗಿದ್ದರೆ, ಸ್ಟಾರ್ಟ್ ಆಗಲು ತಕರಾರು ಮಾಡುವ ಗಾಡಿಯನ್ನು ನೀವು ಬರುವ ಮುಂಚೆಯೇ ರಮಿಸಿ ಇಟ್ಟಿರಬಹುದು. ಮೀಟರು ಕಡಿಮೆ ಓಡಿದೆ ಎಂದು ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಮೀಟರಿನ ಮಾತು ಬಿಟ್ಟು ರಬ್ಬರಿನ ಮಾತು ಕೇಳಬೇಕು. ಕಾಲಡಿಯ ಮ್ಯಾಟು ಎತ್ತಿ ತುಕ್ಕು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾರು ಎಷ್ಟೇ ಇಷ್ಟವಾದರೂ ಮುಖ ಹುಳ್ಳಗೆ ಇಟ್ಟುಕೊಂಡಿರಬೇಕು. ಹುಳಿಮುಖವೊಂದೇ ನನಗೆ ಎಷ್ಟೋ ಸಾವಿರ ಉಳಿಸಿದೆ.

ಇಷ್ಟೆಲ್ಲ ವಿದ್ಯೆಯನ್ನು ಭಾವನ ಮುಂದೆ ಸುರಿದೆ. ಭಾವ ಶ್ರದ್ಧೆಯಿಂದ ಕೇಳಿ, "ಅದೆಲ್ಲ ಸರಿ ಕಣಮ್ಮಿ, ವಾಂತಿ ಬತ್ತದೋ ಇಲ್ವೋ ಅದೇಳು" ಎಂದರು.

ವಿಷಯ ಇಷ್ಟೇ. ಅರಕೆರೆಯಲ್ಲಿರುವ ನಮ್ಮ ಅಕ್ಕನಿಗೆ ಬಸ್ಸು ಆಗುವುದಿಲ್ಲ. ಬಸ್ಸು ಹಾಗಿರಲಿ, ಬಸ್ಸಿನ ಚಿತ್ರವಿರುವ ಕ್ಯಾಲೆಂಡರು ಗಾಳಿಗೆ ಅಲ್ಲಾಡಿದರೂ ಅವಳಿಗೆ ಓಕರಿಕೆ ಬರುತ್ತದೆ. ಭಾವನ ಮೊಪೆಡ್ಡಿನ ಹಿಂದೆ ಕೂತು ಶ್ರೀರಂಗಪಟ್ಟಣದವರೆಗೆ ಹೋಗಿ ಬರುತ್ತಿದ್ದಳು. ಈಗ ಸೊಂಟ ಅದಕ್ಕೂ ಒಪ್ಪುತ್ತಿಲ್ಲ. ಅವಳ ಒಬ್ಬಳೇ ಮಗಳನ್ನು ನಾಗಮಂಗಲಕ್ಕೆ ಕೊಟ್ಟಿದೆ. ಮದುವೆಯಾದ ಮೇಲೆ ಬೀಗರ ಊಟಕ್ಕೆಂದು ಎಲ್ಲರೂ ಬಸ್ಸು ಮಾಡಿಕೊಂಡು ಹೋದೆವು. ಹೊಸ ಬೀಗರು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರೆ, ನಮ್ಮ ಅಕ್ಕ ಅವರ ಮನೆ ಮುಂದಿನ ಚರಂಡಿಗೆ ಬಗ್ಗಿದ್ದಳು. ಭಾವ ಅವಳ ಹಣೆ ಹಿಡಿದು ನಿಂತಿದ್ದರು. ಬೀಗರ ಕಡೆಯ ಹೆಂಗಸೊಬ್ಬಳು, "ಗಂಡುಸು ನೋಡು, ಎಂಡ್ತಿ ತಲೆ ಇಡ್ಕಂಡು ಎಂಗ್ ನಿಂತವ್ನೆ" ಎಂದು ಕಿಸಕ್ಕೆಂದಳು. ಅಕ್ಕ ಆ ದಿನವೆಲ್ಲ ಅವರ ಮನೆಯ ರಾಗಿ ಮೂಟೆಗಳ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದು ಸಂಜೆ ಎದ್ದು ಬಂದಳು. ಮಗಳು ಯಾವ ಕೋಣೆಯಲ್ಲಿ ಮಲಗುತ್ತಾಳೆ ಎಂಬುದನ್ನೂ ನೋಡಲಿಲ್ಲ. ಮನೆ ಸೇರಿದ ಮೇಲೆ, ಇನ್ನು ಸಾಯುವವರೆಗೆ ಬಸ್ಸು, ಕಾರು ಹತ್ತುವುದಿಲ್ಲ ಎಂದಳು. ಹತ್ತಲೂ ಇಲ್ಲ.

ಈಗ ಆ ಮಗಳು ಬಸುರಿ. ಏಳು ತುಂಬುವ ಹೊತ್ತಿಗೆ ನಾಗಮಂಗಲಕ್ಕೆ ಹೋಗಿ ಮಡಿಲು ತುಂಬಿ, ಬಾಣಂತನಕ್ಕೆ ಮನೆಗೆ ಕರೆತರಬೇಕು. ಅಕ್ಕ ನನಗೆ ಫೋನು ಮಾಡಿ, "ಚಿಕ್ಕವ್ವ ಆದೋಳೂ ಅವ್ವನೇ ಅಲ್ವಾ, ನೀನೇ ಓಗಿ ಮಡ್ಲು ತುಂಬ್ಬುಡು ಕಣಮ್ಮಿ" ಎಂದಳು. ಹಿಂದಿನಿಂದ ಭಾವ ಫೋನು ಕಿತ್ತುಕೊಂಡು, "ಎತ್ತವ್ವನೇ ತುಂಬ್ಬೇಕು. ಕಾರ್ ತಗತೀವಿ. ನಾಳಿಕ್ಕೆ ಬಾ" ಎಂದರು.

"ಬಾಡಿಗೆ ಕಾರು ಮಾಡಿದ್ರೆ ಆಗಲ್ವಾ ಭಾವ?"

"ಬಾಡ್ಗೆ ಕಾರ್ನಲ್ಲಿ ಕಕ್ಕುದ್ರೆ ಡ್ರೈವರ್ ಮೊಕ ನೋಡ್ಬೇಕು. ನಮ್ದಾದ್ರೆ ತೊಳ್ಕಂಡ್ರಾಯ್ತು."

ಕಬ್ಬಿನ ದುಡ್ಡಿತ್ತು, ಎರಡು ಹಸು ಮಾರಿದ್ದಿತ್ತು. ಮೂರು ಲಕ್ಷದೊಳಗೆ ಒಳ್ಳೆಯ ಕಾರು ಸಿಗುತ್ತದೆ, ಹುಳಿಮುಖ ನನ್ನದು ಎಂದು ಧೈರ್ಯ ಕೊಟ್ಟೆ. ಆದರೆ ವಾಂತಿ ಬಾರದ ಕಾರನ್ನು ಕಂಡುಹಿಡಿಯುವುದು ಹೇಗೆ? ಅಕ್ಕನನ್ನೇ ಕೂರಿಸಿ ನೋಡೋಣ ಎಂದರೆ ಭಾವ ಕಣ್ಣು ಕೆಂಪಗೆ ಮಾಡಿದರು. "ಅವ್ಳು ಒಂದ್ ಕಿತ ಕಕ್ಕುದ್ರೆ ಎಲ್ಡ್ ದಿನ ಮಲಗ್ತಾಳೆ. ಸಿಕ್ಸಿಕ್ಕಿದ್ ಕಾರ್ಗೆಲ್ಲ ಅವಳ್ನ ಬಲಿ ಕೊಡಾನಾ?"

ಬಲಿಗೆ ಬೇರೆ ಆಳು ಸಿದ್ಧವಾಗಿತ್ತು. ಪಕ್ಕದ ಮನೆಯ ಬೋರಣ್ಣ. ಅರಕೆರೆಯಿಂದ ಹೊರಡುವ ಬಸ್ಸುಗಳ ಕಂಡಕ್ಟರುಗಳು ಇವನಿಗೆ ಟಿಕೆಟ್ಟಿಗಿಂತ ಮೊದಲು ಕಿಟಕಿ ಸೀಟು ಕೊಡುತ್ತಾರೆ. ಅಕ್ಕನನ್ನು ಬಿಟ್ಟರೆ ಇಡೀ ಊರಿನಲ್ಲಿ ಅಷ್ಟು ನಾಜೂಕು ಹೊಟ್ಟೆ ಇನ್ನೊಂದಿಲ್ಲ. "ನಿಂಗೆ ಆಗದ್ ಕಾರು ಅವ್ಳಿಗೂ ಆಗಾಕಿಲ್ಲ. ನಿಂಗೆ ಆದ್ರೆ ಅವ್ಳಿಗೂ ಆಯ್ತದೆ. ಬಾರ್ಲಾ, ಮಸಾಲೆ ದೋಸೆ ಕೊಡುಸ್ತೀನಿ" ಎಂದರು ಭಾವ. ದೋಸೆಗೆ ಬೋರಣ್ಣ ಒಪ್ಪಿದ. ಆ ದೋಸೆ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಮೊದಲು ಹೋದದ್ದು ಕೆ.ಆರ್. ಪೇಟೆಗೆ. ಕೆಂಪು ಕಾರು, ಮುಖ ನೋಡಿಕೊಳ್ಳುವ ಹಾಗೆ ಪಾಲಿಶ್ ಮಾಡಿದ್ದರು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ಮುಖ ಹುಳ್ಳಗೆ ಮಾಡುವಷ್ಟರಲ್ಲಿ ಭಾವ ಹಿಂದಿನ ಬಾಗಿಲು ತೆಗೆದು, "ಅತ್ಲಾ ಬೋರ" ಎಂದಾಗಿತ್ತು.

ದಲ್ಲಾಳಿ ನನ್ನ ಕಿವಿಯಲ್ಲಿ, "ಇವ್ರು ಮೆಕ್ಯಾನಿಕ್ಕಾ ಮೇಡಂ?" ಎಂದು ಕೇಳಿದ.

ಭಾವನಿಗೆ ಕೇಳಿಸಿತು. "ಅದುಕ್ಕಿಂತ ಎಚ್ಚು ಅನ್ಕಳಪ್ಪ."

ಎರಡನೇ ಹಂಪು ದಾಟುವ ಮೊದಲೇ ಆ 'ಅದಕ್ಕಿಂತ ಹೆಚ್ಚಿನವನು' ಬಾಗಿಲು ಬಡಿಯತೊಡಗಿದ. ಗಾಡಿ ನಿಲ್ಲಿಸುವಷ್ಟರಲ್ಲಿ ಪಾಲಿಶ್ ಮಾಡಿದ ಬಾಗಿಲಿನ ಹೊರಮೈ ಹಾಳಾಗಿತ್ತು. ಭಾವ ಇಳಿದು ಪಂಚೆ ಕೊಡವಿಕೊಂಡು, "ಬ್ಯಾಡ ಬುಡಪ್ಪ, ಇದು ಆಗಾಕಿಲ್ಲ" ಎಂದರು.

"ಸಾರ್, ನೀವು ಇಂಜಿನ್ನೇ ನೋಡ್ಲಿಲ್ವಲ್ಲ!"

"ಇಂಜಿನ್ನು ಮುಂದ್ಗಡೆ ಐತೆ. ನಮ್ ಮನೆಯೋಳು ಕೂರಾದು ಇಂದ್ಗಡೆ."

ಶ್ರೀರಂಗಪಟ್ಟಣದಲ್ಲಿ ಇನ್ನೂ ಅನ್ಯಾಯವಾಯಿತು. ಅಲ್ಲಿನವನು ಗಿರಾಕಿ ಬರುತ್ತಾರೆಂದು ಕಾರಿನೊಳಗೆ ಮಲ್ಲಿಗೆ ಸೆಂಟು ಹೊಡೆದು, ಮೇಲೆ ಊದುಬತ್ತಿಯನ್ನೂ ಹಚ್ಚಿಟ್ಟಿದ್ದ. ಬೋರಣ್ಣ ಬಾಗಿಲು ತೆಗೆದವನು ಮೂಗು ಒಳಗಿಟ್ಟ, ಹಿಂದಕ್ಕೆ ತಿರುಗಿದ, ಮುಗಿಯಿತು. ಕೀ ಇನ್ನೂ ದಲ್ಲಾಳಿಯ ಜೇಬಿನಲ್ಲೇ ಇತ್ತು. ನಿಂತ ಕಾರಿನಲ್ಲಿ ವಾಂತಿ ಮಾಡಿಸಿದ ಕೀರ್ತಿ ಪಾಪ ಅವನಿಗೆ ಬಂತು; ಸುದ್ದಿ ನಾವು ಮನೆ ಸೇರುವ ಮುಂಚೆಯೇ ನಾಲ್ಕೂ ತಾಲ್ಲೂಕಿಗೆ ಹರಡಿತು.

ಆಮೇಲೆ ಸಿಂಧಘಟ್ಟ. ದಲ್ಲಾಳಿಯಿಲ್ಲದೆ ಸೀದಾ ರೈತನ ಮನೆ. ನಾನು ಹುಡುಕುತ್ತಿದ್ದ ಕಾರು ಇದೇ. ಚಿಕ್ಕ ಬಿಳಿ ಕಾರು, ಒಬ್ಬರ ಕೈಯಲ್ಲೇ ಓಡಿದ್ದು, ಹಸುವಿಗಿಂತ ಮುದ್ದಾಗಿ ಸಾಕಿದ್ದರು. ಬಾನೆಟ್ಟು ತಣ್ಣಗಿತ್ತು. ಪೆಡಲಿನ ರಬ್ಬರೂ ಮೀಟರೂ ಒಂದೇ ಮಾತು ಹೇಳುತ್ತಿದ್ದವು. ಒಳಗೊಳಗೇ ಕುಣಿಯುತ್ತ, ಮುಖ ಎಷ್ಟು ಹುಳ್ಳಗೆ ಮಾಡಿದೆನೆಂದರೆ ಆ ಮನೆಯ ಹೆಂಗಸು ಮಜ್ಜಿಗೆ ಕೆಟ್ಟಿದೆಯೇನೋ ಎಂದು ಲೋಟ ಬದಲಾಯಿಸಿದಳು. ಚೌಕಾಸಿ ಮಾಡಿ ಬೆಲೆ ಇಳಿಸಿದೆ. ಹೊಸ ಮ್ಯಾಟುಗಳನ್ನೂ ಸೇರಿಸಿಕೊಂಡೆ. ಸುತ್ತು ಹೊಡೆಸಲು ಹೋದ ಕಾರು ವಾಪಸು ಬಂತು, ಬೋರಣ್ಣ ಗಟ್ಟಿಯಾಗಿದ್ದ. ನಾನು ಅಡ್ವಾನ್ಸಿಗೆಂದು ಬ್ಯಾಗಿಗೆ ಕೈ ಹಾಕಿದೆ.

"ಬ್ಯಾಡ" ಎಂದರು ಭಾವ.

"ಯಾಕೆ? ಅವನಿಗೆ ಏನೂ ಆಗಲಿಲ್ವಲ್ಲ!"

"ನಿದ್ದೆ ಒಡೀತಿದ್ದ ಕಣಮ್ಮಿ. ಮಲಗಿರೋನ್ ಒಟ್ಟೆ ಮಾತ್ನ ಯಾರ್ ನಂಬ್ತಾರೆ?"

ಬೋರಣ್ಣ ಕಣ್ಣುಜ್ಜಿಕೊಂಡು ಕಾರಿನಿಂದ ಇಳಿದ. ಆ ರೈತ ನಮ್ಮ ಮೂವರನ್ನೂ ನೋಡಿದ ನೋಟವನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ.

ಕೊನೆಗೆ ಪಾಂಡವಪುರ, ನನ್ನದೇ ಊರು. ಬೂದು ಬಣ್ಣದ ಕಾರೊಂದನ್ನು ತರಿಸಿದ್ದೆ. ರಸ್ತೆ ತುಂಬ ಗುಂಡಿ. ಬೋರಣ್ಣ ಕಣ್ಣು ಬಿಟ್ಟುಕೊಂಡೇ ಕೂತಿದ್ದ, ಏನೂ ಆಗಲಿಲ್ಲ. ಭಾವನಿಗೆ ಅನುಮಾನ ಬಂತು. ಅದೇ ದಲ್ಲಾಳಿಯ ಇನ್ನೊಂದು ಕಾರಿಗೆ ಹತ್ತಿಸಿದರು. ಹೊಗೆಯ ವಾಸನೆಗೆ ನನಗೇ ತಲೆ ತಿರುಗಿತು, ಬೋರಣ್ಣನಿಗೆ ಏನೂ ಇಲ್ಲ. ಕಡೆಗೆ ನನ್ನ ಗೂಡ್ಸ್ ಆಟೋದ ಹಿಂದೆ, ಕೊಪ್ಪರಿಗೆಗಳ ನಡುವೆ, ಹಿಮ್ಮುಖವಾಗಿ ಕೂರಿಸಿ ಊರೆಲ್ಲ ಸುತ್ತಿಸಿದರು. ಬೋರಣ್ಣ ಕೊಪ್ಪರಿಗೆಯ ಮೇಲೆ ತಾಳ ಹಾಕುತ್ತ ಹಾಡಿಕೊಂಡು ಬಂದ.

ಭಾವ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. "ಕೆಟ್ಟೋದ್ಯಲ್ಲೋ ಬೋರ."

ಬೋರಣ್ಣ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. "ನಾನೇನ್ ಮಾಡ್ಲಣ್ಣ? ಬತ್ತಾನೇ ಇಲ್ಲ."

"ದೋಸೆ ತಿಂದು ತಿಂದು ನನ್ಗೆ ಇಂಗ್ ಮಾಡ್ಬುಟ್ಯಲ್ಲ. ಇನ್ ಯಾರ್ನ ಉಡುಕ್ಲಿ ನಾನು?"

"ಇನ್ನೊಂದ್ ಕಿತ ನೋಡಾನ ಅಣ್ಣ. ಬೆಳಿಗ್ಗೆ ಬರೀ ಒಟ್ಟೇಲಿ ಬಂದ್ರೆ ಏನಾರ ಆದಾದು."

ಇಬ್ಬರೂ ಇಷ್ಟು ದುಃಖದಲ್ಲಿದ್ದರು, ನನಗೆ ಮಾತ್ರ ನಗು ತಡೆಯಲಾಗಲಿಲ್ಲ. "ಭಾವ, ಹತ್ತಿ ಹತ್ತಿ ಅವನ ಹೊಟ್ಟೆ ಗಾಡಿಗೆ ಒಗ್ಗಿದೆ. ಅಕ್ಕನಿಗೂ ಒಗ್ಗಬಹುದಲ್ವಾ? ನೀವು ಹುಡುಕ್ತಿರೋ ಕಾರು ಎಲ್ಲೂ ಇಲ್ಲ. ಒಂದು ಒಳ್ಳೇ ಕಾರು ತಗೊಳ್ಳಿ, ಉಳಿದದ್ದು ಅಭ್ಯಾಸ" ಎಂದೆ.

ಭಾವ ಬೋರಣ್ಣನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಎದ್ದು, "ಸಿಂದಗಟ್ಟಕ್ಕೆ ನಡಿ" ಎಂದರು.

ಬಿಟ್ಟುಹೋದ ವ್ಯಾಪಾರಕ್ಕೆ ವಾಪಸು ಹೋಗುವುದೆಂದರೆ ಕತ್ತು ಕೊಟ್ಟ ಹಾಗೆ. ಇದೂ ನನ್ನ ಬುದ್ಧಿಮಾತೇ. ಆ ರೈತ ಜಗಲಿಯ ಮೇಲಿಂದ ಏಳಲೂ ಇಲ್ಲ. "ಆವಯ್ಯ ಎದ್ನಾ?" ಎಂದು ಕೇಳಿದ. ನನಗೆ ಹುಳಿಮುಖ ಕೂಡಿಬರಲಿಲ್ಲ, ನಕ್ಕುಬಿಟ್ಟೆ. ನಗು ನನಗೆ ತುಟ್ಟಿಯಾಯಿತು. ಕಾರು ಚೌಕಾಸಿಗೆ ಮೊದಲಿನ ಬೆಲೆಗೇ ಸಿಕ್ಕಿತು, ಮ್ಯಾಟುಗಳನ್ನು ಅವನೇ ಇಟ್ಟುಕೊಂಡ.

ಕಾರು ಅರಕೆರೆಯ ಕಣಕ್ಕೆ ಬಂದು ನಿಂತಿತು. ಅಕ್ಕ ದೂರದಿಂದಲೇ ಮೂಗಿಗೆ ಸೆರಗು ಹಿಡಿದು, "ನಿಮ್ಗೆ ತಲೆ ಕೆಟ್ಟದೆ" ಎಂದಳು. ಭಾವ ನಾಲ್ಕೂ ಬಾಗಿಲು ತೆರೆದು, ಹಿಂದಿನ ಸೀಟಿನಲ್ಲಿ ಅವರೆಕಾಯಿ ಮೊರ ಇಟ್ಟರು. ಕಾಯಿ ಸುಲಿಯಬೇಕಾದರೆ ಅಲ್ಲೇ ಕೂತು ಸುಲಿಯಬೇಕು. ಅಕ್ಕ ಬೈದುಕೊಂಡೇ ಸುಲಿದಳು. ಕೆಲವು ದಿನ ಬಿಟ್ಟು ಇಂಜಿನ್ನು ಚಾಲೂ ಮಾಡಿ ಸುಲಿಸಿದರು. ಆಮೇಲೆ ಟ್ರ್ಯಾಕ್ಟರ್ ಓಡಿಸಿ ಪಳಗಿದ್ದ ಭಾವ ತಾವೇ ಸ್ಟೀರಿಂಗು ಹಿಡಿದು, ಕಣದಲ್ಲೇ ಒಂದು ಮಾರು ಮುಂದೆ, ಒಂದು ಮಾರು ಹಿಂದೆ. ಆಮೇಲೆ ನಾಲೆಯ ಏರಿ. ದನ ಹೊಡೆದುಕೊಂಡು ಹೋಗುವವರು ಕಾರನ್ನು ಹಿಂದೆ ಹಾಕಿ, "ಏನ್ ಗೌಡ್ರೆ, ಎತ್ತು ಬಿಚ್ಚಿ ಓಡುಸ್ತಿದ್ದೀರಾ?" ಎಂದು ಕೇಳುತ್ತಿದ್ದರು. "ನೀವ್ ಮುಂದ್ ಓಗ್ರಪ್ಪ" ಎನ್ನುತ್ತಿದ್ದರು ಭಾವ. ಶ್ರೀರಂಗಪಟ್ಟಣದವರೆಗೆ ಹೋದ ದಿನ ಅಕ್ಕ ಸೋತುಬಿಟ್ಟಳು. ಇಡೀ ಸೀಟು ಹಾಳಾಯಿತು. "ನಾನೇಳ್ನಿಲ್ವಾ, ನನ್ ಮಗ್ಳ್ ಮನೆ ನನ್ಗಿಲ್ಲ" ಎಂದು ಅತ್ತಳಂತೆ. ಭಾವ ಬಾವಿಕಟ್ಟೆಯ ಬಳಿ ಕಾರು ನಿಲ್ಲಿಸಿ ತಾವೇ ಸೀಟು ತೊಳೆದು, ಮಾರನೇ ದಿನ ಮತ್ತೆ ಅವರೆಕಾಯಿ ಮೊರ ತಂದಿಟ್ಟರು. ಮತ್ತೆ ನಿಂತ ಕಾರಿನಿಂದಲೇ ಶುರು.

ಮಡಿಲು ತುಂಬುವ ದಿನ ಪಾಂಡವಪುರದಲ್ಲಿ ನಾನೂ ಹತ್ತಿಕೊಂಡೆ. ಅಕ್ಕ ಹಿಂದೆ, ಕಿಟಕಿ ಇಳಿಸಿ, ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಅಕ್ಕಿ, ಕೊಬ್ಬರಿ, ಸೀರೆಯ ಚೀಲ. ಮುಂದೆ ಕೂತ ನಾನು ಕನ್ನಡಿ ನೋಡಿದರೆ, ಹಿಂದಿನ ರಸ್ತೆ ಕಾಣಬೇಕಾದ ಕನ್ನಡಿ ಕಾರು ಓಡಿಸುತ್ತಿದ್ದ ಭಾವನಿಗೆ ಅಕ್ಕನ ಮುಖ ಕಾಣುವ ಹಾಗೆ ತಿರುಗಿತ್ತು.

"ಭಾವ, ಹಿಂದೆ ಬರೋ ಗಾಡಿ ಹೇಗೆ ಕಾಣುತ್ತೆ?"

"ಇಂದೆ ಬರೋರ್ಗೆ ನಾವ್ ಕಾಣ್ತೀವಲ್ಲ, ಸಾಕು ಬುಡು."

ಒಂದಾದ ಮೇಲೊಂದು ಬಸ್ಸು ಹಾರನ್ನು ಹೊಡೆದುಕೊಂಡು ನಮ್ಮನ್ನು ದಾಟಿ ಹೋದವು. ಜಕ್ಕನಹಳ್ಳಿ ದಾಟಿದ ಮೇಲೆ ಅಕ್ಕ ಒಂದು ಕಣ್ಣು ಬಿಟ್ಟಳು. ಆಮೇಲೆ ಇನ್ನೊಂದು. ಆಮೇಲೆ, "ಯಾವ್ ಸೋಂಬೇರಿದಪ್ಪ ಈ ಒಲ? ಕಳೇನೇ ತೆಗ್ದಿಲ್ಲ" ಎಂದಳು. ಅಲ್ಲಿಂದ ನಾಗಮಂಗಲದವರೆಗೆ ಎರಡೂ ಬದಿಯ ಒಂದು ಹೊಲವನ್ನೂ ಬಿಡದೆ ಬೈದಳು. ಭಾವ ಮಾತ್ರ ರಸ್ತೆಗೊಮ್ಮೆ ಕನ್ನಡಿಗೊಮ್ಮೆ ಕಣ್ಣು ಹಾಯಿಸುತ್ತಲೇ ಇದ್ದರು. ಸ್ಟೀರಿಂಗು ಹಿಡಿದ ಕೈ ಬೆವತಿತ್ತು. ಹಿಂದಿನ ರಾತ್ರಿಯಿಂದ ಅವರು ಒಂದು ತುತ್ತೂ ತಿಂದಿಲ್ಲವೆಂದು ಅಕ್ಕ ಹೇಳಿದಳು.

ಬೀಗರ ಬಾಗಿಲಲ್ಲಿ ಎಲ್ಲರೂ ನಿಂತಿದ್ದರು. ಅಂದು ಕಿಸಕ್ಕೆಂದ ಹೆಂಗಸೂ ಇದ್ದಳು. ಅಕ್ಕ ತಾನೇ ಬಾಗಿಲು ತೆಗೆದು ಇಳಿದಳು, ನೆರಿಗೆ ಸರಿಮಾಡಿಕೊಂಡಳು, ನೆಟ್ಟಗೆ ನಿಂತಳು. ತುಂಬಿದ ಹೊಟ್ಟೆಯ ಮಗಳು "ಅವ್ವಾ" ಎಂದು ಮೆಟ್ಟಿಲಿಳಿದು ಬಂದಳು.

ಆಗ ಕಾರಿನ ಆ ಕಡೆಯಿಂದ ಸದ್ದು ಕೇಳಿತು. ನೋಡಿದರೆ ಭಾವ ಅದೇ ಚರಂಡಿಗೆ ಬಗ್ಗಿದ್ದರು. ಖಾಲಿ ಹೊಟ್ಟೆ, ದಾರಿಯುದ್ದಕ್ಕೂ ನುಂಗಿಕೊಂಡು ಬಂದ ಹೆದರಿಕೆ, ಎಲ್ಲ ಒಟ್ಟಿಗೇ ಹೊರಗೆ ಬರುತ್ತಿತ್ತು.

ಅಕ್ಕ ಮಡಿಲಿನ ಚೀಲ ನನ್ನ ಕೈಗೆ ತುರುಕಿ ಓಡಿದಳು. ಬೀಗರೆಲ್ಲರ ಎದುರಿಗೇ ಗಂಡನ ಹಣೆಯನ್ನು ಅಂಗೈಯಲ್ಲಿ ಹಿಡಿದು ನಿಂತಳು. ಯಾರೂ ನಗಲಿಲ್ಲವೋ, ನಕ್ಕಿದ್ದು ನನಗೆ ಕೇಳಿಸಲಿಲ್ಲವೋ. ಭಾವ ತಲೆಯೆತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಕಡೆ ತಿರುಗಿ ಗೆದ್ದವರಂತೆ ಹೇಳಿದರು:

"ನೋಡ್ದಾ ಅಮ್ಮಿ, ನಿಮ್ಮಕ್ಕ ಒಂದ್ ತೊಟ್ಟೂ ಕಕ್ನಿಲ್ಲ."

"ಸುಮ್ಕೆ ಬಗ್ಗಿ ನಿಂತ್ಕಳಿ" ಎಂದಳು ಅಕ್ಕ. ದಾರಿಯುದ್ದಕ್ಕೂ ಹಿಡಿದು ಬೆಚ್ಚಗಾಗಿದ್ದ ನಿಂಬೆಹಣ್ಣನ್ನು ಅವರ ಮುಷ್ಟಿಗೆ ಇಟ್ಟಳು.