ಕೊನೆಯ ಸವಾರನ ಹಿಂದೆ ಬಂದದ್ದು

ಶಿಸ್ತು ಎಂದರೇನು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು ನಾನು. ನಿವೃತ್ತನಾದ ಮೇಲೂ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಕಾಫಿ, ಸ್ನಾನ, ವಿಭೂತಿ, ಪೇಪರು, ತಿಂಡಿ ಎಲ್ಲವೂ ವೇಳಾಪಟ್ಟಿಯ ಪ್ರಕಾರವೇ ಹೊರಡುತ್ತವೆ. ನಮ್ಮಲ್ಲಿ ತಡವಾಗಿ ಬರುವುದು ಒಂದೇ, ನನ್ನ ಹೆಂಡತಿ ಶಾಂತಳ ಮೆಚ್ಚುಗೆ. ಅದು ಇನ್ನೂ ಹಿಂದಿನ ಸ್ಟೇಷನ್ನನ್ನೇ ಬಿಟ್ಟಿಲ್ಲ!

ಇಂಥ ನಾನು, ಸೈಕಲ್ ರೇಸು ನನಗೆಂದೇ ಹುಟ್ಟಿದ ಆಟ ಎಂದು ತೀರ್ಮಾನಿಸಿದ್ದರಲ್ಲಿ ತಪ್ಪೇನಿದೆ? ಈಗ ತುಮಕೂರಿನಲ್ಲಿ ಭಾನುವಾರ ಬೆಳಗಾದರೆ ಸಾಕು. ಡಾಕ್ಟರು, ಕಂಟ್ರಾಕ್ಟರು, ಕಾಲೇಜು ಮೇಷ್ಟ್ರು ಎಲ್ಲರೂ ಮೈಗಂಟಿದ ಬಣ್ಣದ ಅಂಗಿ ತೊಟ್ಟು, ತಲೆಗೆ ಹೆಲ್ಮೆಟ್ ಸಿಕ್ಕಿಸಿಕೊಂಡು ದೇವರಾಯನದುರ್ಗದ ಕಡೆಗೆ ಸೈಕಲ್ ತುಳಿಯುತ್ತಾರೆ. ಹಿಂದೆ ದುರ್ಗಕ್ಕೆ ಹೋಗಿ ಬಂದವರು ಪ್ರಸಾದ ಕೊಡುತ್ತಿದ್ದರು. ಈಗಿನವರು ತಮ್ಮ ಎದೆಬಡಿತದ ಲೆಕ್ಕ ಕೊಡುತ್ತಾರೆ. ನಾನೂ ಒಂದು ಗೇರ್ ಸೈಕಲ್ ತಂದೆ. ಕ್ಲಬ್ಬು ಸೇರಿದೆ. ಸೈಕಲ್ಲನ್ನು ಹಾಲ್‌ನಲ್ಲಿ ಸೋಫಾದ ಪಕ್ಕ ನಿಲ್ಲಿಸಿದೆ.

ಶಾಂತಾ ಕೆಲವು ದಿನ ಸೈಕಲ್ ಸುತ್ತಲೇ ಕಸ ಗುಡಿಸಿದಳು. ಕ್ಲಬ್ಬಿನವರು ಗುಬ್ಬಿಯಿಂದ ಕುಣಿಗಲ್ಲಿಗೆ ರೇಸು ಇಟ್ಟಿದ್ದಾರೆಂದು ತಿಳಿದ ದಿನ ತೀರ್ಪು ಕೊಟ್ಟಳು.

"ರೀ, ನೆಂಟ್ರು ಬಂದ್ರೆ ಸೈಕಲ್ ಮೇಲೆ ಕೂರಿಸ್ಲಾ? ಈ ರೇಸ್ ಪೂರ್ತಿ ಮುಗಿಸಿ ಮೆಡಲ್ ತನ್ನಿ. ಸೈಕಲ್ ಹಾಲ್‌ನಲ್ಲೇ ಇರ್ಲಿ, ನಾನೇ ದಿನಾ ಒರೆಸ್ತೀನಿ. ತರ್ಲಿಲ್ವೋ, ಅಲ್ಲಿಂದ್ಲೇ ಅದು ನನ್ ತಮ್ಮನ ಮನೆಗೆ ಹೋಗ್ಬೇಕು."

ಅವಳ ತಮ್ಮ ಮಹದೇವ ಕುಣಿಗಲ್ಲಿನಲ್ಲಿದ್ದಾನೆ. ಅವನ ಕಾರಿಗೆ ಮೇಲೆ ಕ್ಯಾರಿಯರ್ ಕೂಡ ಇದೆ. ತೀರ್ಪು ಪೂರ್ವಯೋಜಿತ ಎಂಬ ಅನುಮಾನ ನನಗೆ ಇಂದಿಗೂ ಇದೆ.

"ಸರಿ ಕಣೇ, ಒಪ್ಪಿದೀನಿ" ಎಂದೆ. ಗೆಲ್ಲಬೇಕಾಗಿರಲಿಲ್ಲ. ನಿಗದಿತ ಸಮಯದೊಳಗೆ ಗೆರೆ ದಾಟಿದವರಿಗೆಲ್ಲ ಮೆಡಲ್ಲು. ಸಮಯಪಾಲನೆಯನ್ನು ನನಗೆ ಪರೀಕ್ಷೆಗಿಡುವುದೆಂದರೆ ಮೀನಿಗೆ ಈಜಿನ ಪರೀಕ್ಷೆ ಇಟ್ಟಂತೆ!

ಧನುರ್ಮಾಸದ ಬೆಳಗು. ಗುಬ್ಬಿಯ ಆಚೆ ಲಾರಿಯಿಂದ ಸೈಕಲ್ಲುಗಳನ್ನು ಇಳಿಸಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನನ್ನ ಸೈಕಲ್ಲಿನ ಮುಂದಿನ ಗಾಲಿ ಬೇರೆ ಯಾರದೋ ಎನಿಸುತ್ತಿತ್ತು. ಶಾಂತಾ ಹಿಂದಿನ ದಿನವೇ ತಮ್ಮನ ಮನೆಗೆ ಹೊರಡುವಾಗ ಕೊಟ್ಟಿದ್ದ ಬಿಳಿ ಮಫ್ಲರನ್ನು ಹೆಲ್ಮೆಟ್ಟಿನ ಮೇಲಿಂದಲೇ ತಲೆಗೆ, ಕಿವಿಗೆ, ಕುತ್ತಿಗೆಗೆ ಸುತ್ತಿಕೊಂಡೆ. ಹೊರಡುವ ಮುಂಚೆ ನಿಯಮ ಹೇಳುತ್ತೇವೆಂದು ಕ್ಲಬ್ಬಿನ ಸೆಕ್ರೆಟರಿ ಹೇಮಂತ ಎಲ್ಲರನ್ನೂ ಕರೆದ. ಕರೆದದ್ದು ತಡವಾಗಿ. ಅಷ್ಟರಲ್ಲಿ ನನ್ನ ವ್ಯಾಯಾಮದ ಹೊತ್ತಾಗಿತ್ತು. ಅವರು ತಡ ಮಾಡಿದರೆಂದು ನಾನು ಬೈಠಕ್ ನಿಲ್ಲಿಸಬೇಕೇ? ಲಾರಿಯ ಹಿಂದೆ ನಿಂತು ಶಾಸ್ತ್ರೋಕ್ತವಾಗಿ ಮುಗಿಸಿದೆ. ನಿಯಮಗಳು ಮಂಜಿನಲ್ಲಿ ಕರಗಿಹೋದವು.

ಬಾವುಟ ಬೀಸಿದರು. ಎಲ್ಲರೂ ಹೋದರು. ಹೋದರು ಎಂದರೆ, ಹೋಗಿಯೇಬಿಟ್ಟರು! ಒಂದು ತಿರುವು ಕಳೆಯುವುದರಲ್ಲಿ ಮುಂದೆ ಯಾರೂ ಇಲ್ಲ. ಗಾಲಿಗಳ ಸದ್ದೂ ಇಲ್ಲ. ನೆಲದಲ್ಲಿ ಇಂಗಿದಂತೆ ಮಾಯವಾದರು.

ನಾನು ಎದೆಗುಂದಲಿಲ್ಲ. ಪ್ಯಾಸೆಂಜರ್ ಗಾಡಿಯೂ ಊರು ತಲುಪುತ್ತದೆ.

ಆದರೆ ಆ ಮೌನ ಸ್ವಲ್ಪ ಹೆಚ್ಚೇ ಆಗಿತ್ತು. ತೆಂಗಿನ ಗರಿಗಳು ಕಾಂಡವಿಲ್ಲದೆ ಗಾಳಿಯಲ್ಲಿ ತೇಲುತ್ತಿದ್ದವು. ರಾಗಿ ಹುಲ್ಲಿನ ಮೆದೆಗಳು ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತವರ ಹಾಗೆ ರಸ್ತೆಯನ್ನೇ ನೋಡುತ್ತಿದ್ದವು. ಎಲ್ಲಿಂದಲೋ ದೇವಸ್ಥಾನದ ಗಂಟೆ ಒಂದು ಸಲ ಕೇಳಿಸಿ, ಯಾರೋ ಕೈಯಿಂದ ಹಿಡಿದು ನಿಲ್ಲಿಸಿದಂತೆ ನಿಂತುಹೋಯಿತು. ರಸ್ತೆ ಕವಲೊಡೆದ ಕಡೆ ಅವರೆ ಹೊಲದ ಬದುವಿನ ಮೇಲೆ ಅಂಗಿ ತೊಟ್ಟವನೊಬ್ಬ ನಿಂತಿದ್ದ.

"ಕುಣಿಗಲ್ ದಾರಿ ಇದೇ ಏನಪ್ಪಾ?"

ಉತ್ತರವಿಲ್ಲ.

"ನಿನ್ನೇ ಕೇಳ್ತಿರೋದು! ದೊಡ್ಡೋರು ಕೇಳಿದ್ರೆ ಬಾಯಿ ಬಿಡಬೇಕು ಅನ್ನೋದು ಗೊತ್ತಿಲ್ವಾ?"

ಮಂಜು ಸ್ವಲ್ಪ ಸರಿಯಿತು. ಅವನ ತಲೆ ಒಂದು ಮಡಕೆ. ಅದರ ಮೇಲೆ ಸುಣ್ಣದಲ್ಲಿ ಬರೆದ ಕಣ್ಣು. ಬೆದರುಬೊಂಬೆಗೆ ನಾನು ಸಭ್ಯತೆಯ ಪಾಠ ಹೇಳಿದ್ದೆ! ಯಾರಾದರೂ ನೋಡಿದರೋ ಎಂದು ಹಿಂದೆ ತಿರುಗಿದೆ.

ಆಗ ಅದು ಕಂಡಿತು. ಹಿಂದೆ, ಮಂಜಿನೊಳಗೆ, ಒಂದೇ ಒಂದು ಬಿಳಿ ಬೆಳಕು. ನಿಂತಿತ್ತು.

ನಾನು ಹೊರಟೆ. ಅದೂ ಹೊರಟಿತು. ನಾನು ನಿಂತೆ. ಅದೂ ನಿಂತಿತು. ಬೈಕಾದರೆ ಇಂಜಿನ್ ಸದ್ದಿರಬೇಕು, ಮನುಷ್ಯನಾದರೆ ಕೆಮ್ಮಾದರೂ ಇರಬೇಕು. ಅದಕ್ಕೆ ಎರಡೂ ಇಲ್ಲ. ನಾನು ಪೆಡಲ್ ಬಿಟ್ಟಾಗ ಮಾತ್ರ ಹಿಂದಿನಿಂದ 'ಟಿಕ್ ಟಿಕ್ ಟಿಕ್' ಎಂದು ಹಲ್ಲಿ ಲೊಚಗುಟ್ಟುವಂಥ ಒಂದು ಸದ್ದು. ಅದೂ ನಿಧಾನವಾಗಿ ನಿಲ್ಲುತ್ತಿತ್ತು.

ಪರೀಕ್ಷೆ ಮಾಡೋಣವೆಂದು ಮೂತ್ರಕ್ಕೆ ಇಳಿದವನಂತೆ ಬೇಲಿಯ ಕಡೆ ಹೋದೆ. ಬೆಳಕು ಆರಿತು! ನಾನು ಮರಳಿ ಸೈಕಲ್ ಹತ್ತಿದ ಮೇಲೆ ಮತ್ತೆ ಹೊತ್ತಿತು. ಮರ್ಯಾದಸ್ಥ ದೆವ್ವ! ಅದರ ಮರ್ಯಾದೆಯೇ ನನ್ನನ್ನು ಹೆಚ್ಚು ಹೆದರಿಸಿತು. ಬರೀ ಕಳ್ಳನಾಗಿದ್ದರೆ ಅಷ್ಟು ಸೂಕ್ಷ್ಮ ಇರುತ್ತಿರಲಿಲ್ಲ.

ಪಂಚಾಕ್ಷರಿ ಜಪಿಸುತ್ತ ಗೇರ್ ಬದಲಿಸಿದೆ. ನಮಃ ಎನ್ನುವ ಹೊತ್ತಿಗೆ ಒಂದು ಗೇರು, ಶಿವಾಯ ಎನ್ನುವ ಹೊತ್ತಿಗೆ ಇನ್ನೊಂದು. ಸೈಕಲ್ಲಿಗೆ ಅಷ್ಟು ಭಕ್ತಿ ತಡೆಯಲಿಲ್ಲ. ಚೈನು ಕಳಚಿ ಬಿತ್ತು. ಅದನ್ನು ಹಲ್ಲುಗಳ ಮೇಲೆ ಕೂರಿಸುತ್ತಿದ್ದರೆ ಬೆಳಕು ದೂರದಲ್ಲಿ ನಿಂತು ನೋಡುತ್ತಿತ್ತು. ಸಹಾಯಕ್ಕೂ ಬರಲಿಲ್ಲ, ಮೈಮೇಲೂ ಬರಲಿಲ್ಲ. ಆ ಚಳಿಯಲ್ಲೂ ಬೆವೆತು, ಗ್ರೀಸು ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಂಡೆ. ಅದರ ಪರಿಣಾಮ ಆಗ ನನಗೆ ಕಾಣುವಂತಿರಲಿಲ್ಲ.

ಮುಂದೆ ರಸ್ತೆಗೆ ಬಾಗಿಕೊಂಡಂತೆ ಹುಣಸೆ ಮರಗಳು. ಓಡಿ ಗೆಲ್ಲಲಾಗದಿದ್ದರೆ ಅಡಗುವುದು ವಿವೇಕ. ನನ್ನ ದೀಪ ಆರಿಸಿ, ಸೈಕಲ್ ಎತ್ತಿಕೊಂಡು, ಒಂದು ದಪ್ಪ ಬೊಡ್ಡೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆ.

ಬೆಳಕು ಬಂತು. ಮರದ ಎದುರಿಗೆ ನಿಂತಿತು. ಆಮೇಲೆ ಮಂಜಿನೊಳಗಿಂದ, ತುಂಬ ಮೆಲ್ಲಗೆ ಒಂದು ಧ್ವನಿ:

"ರುದ್ರಪ್ಪನೋರೇ..."

ನನ್ನ ಹೆಸರು! ನಮ್ಮಜ್ಜಿ ಹೇಳಿದ್ದು ಕಿವಿಯಲ್ಲಿ ಮೊಳಗಿತು. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಒಂದೇ ಸಲ ಹೆಸರು ಕೂಗಿದರೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ದೆವ್ವಕ್ಕೆ ಒಂದೇ ಕೂಗು. ನಾನು ಎರಡನೆಯ ಕೂಗಿಗೆ ಕಾದೆ. ಬರಲಿಲ್ಲ. ಹುಣಸೆ ಎಲೆಗಳಿಂದ ಇಬ್ಬನಿ ಮಾತ್ರ ತೊಟ್ಟಿಕ್ಕುತ್ತಿತ್ತು.

ಸ್ವಲ್ಪ ಹೊತ್ತಿಗೆ ಬೆಳಕು ಚಲಿಸಿತು. ನನ್ನನ್ನು ದಾಟಿ ಮುಂದೆ ಹೋಯಿತು. ಧೈರ್ಯ ಮಾಡಿ ಇಣುಕಿದೆ. ಅದು ಸೈಕಲ್ಲು. ಅದರ ಮೇಲೆ ಔಷಧಿ ಅಂಗಡಿಯ ಲೋಕೇಶ, ನಮ್ಮ ಕ್ಲಬ್ಬಿನವನೇ! ಸೀಟಿನ ಕೆಳಗೆ ಕೆಂಪು ದೀಪ, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಬಟ್ಟೆ: 'ಕೊನೆಯ ಸವಾರ'.

ಆ ಕೆಂಪು ದೀಪ ನೋಡಿದ್ದೇ ತಡ, ನನಗೆ ಸರ್ವವೂ ಅರ್ಥವಾಯಿತು. ಸೇವೆಯುದ್ದಕ್ಕೂ ಪ್ಲಾಟ್‌ಫಾರಂ ಮೇಲೆ ನಿಂತು ಪ್ರತಿ ಗಾಡಿಯ ಕೊನೆಯ ಬೋಗಿಯ ಕೆಂಪು ದೀಪ ನೋಡಿ, ಗಾಡಿ ಪೂರ್ತಿ ಬಂತೆಂದು ಖಾತ್ರಿ ಮಾಡಿದವನು ನಾನು. ರೇಸಿಗೂ ಹಾಗೊಬ್ಬನಿರುತ್ತಾನೆ. ಎಲ್ಲರಿಗಿಂತ ಹಿಂದುಳಿದವನನ್ನು ಕಾಯುತ್ತ, ಅವನನ್ನು ದಾಟದೆ, ಮಾತಾಡಿಸಿ ತೊಂದರೆ ಕೊಡದೆ ಬರುವುದು ಅವನ ಕೆಲಸ. ಲಾರಿಯ ಹಿಂದೆ ನಾನು ಬೈಠಕ್ ತೆಗೆಯುವಾಗ ಹೇಮಂತ ಹೇಳಿದ್ದು ಇದನ್ನೇ ಇರಬೇಕು. ನಾನು ಉತ್ತರಿಸದ್ದರಿಂದ, ಮುಂದೆ ಹೋಗಿರಬೇಕೆಂದು ಲೋಕೇಶ ನನ್ನನ್ನು ಹುಡುಕಿಕೊಂಡು ಹೊರಟಿದ್ದ.

ಅಂದರೆ ಕೊನೆಯ ಬೋಗಿ ಹೋಯಿತು. ನಾನು ಅದರ ಹಿಂದೆ ಉಳಿದೆ. ಕೊನೆಯ ಬೋಗಿಯ ಹಿಂದೆ ಇರುವುದು ಯಾವುದೂ ಆ ಗಾಡಿಗೆ ಸೇರಿದ್ದಲ್ಲ! ಅವನು ಗೆರೆ ಮುಟ್ಟಿದರೆ ರೇಸು ಮುಗಿಯಿತು. ಮೆಡಲ್ಲು ಹೋಯಿತು. ಸೈಕಲ್ಲು ಮಹದೇವನದಾಯಿತು.

ನಾನು ಹಾರಿ ಕೂತೆ. ದೀಪ ಹಚ್ಚುವಷ್ಟೂ ವ್ಯವಧಾನವಿರಲಿಲ್ಲ. ತುಳಿದೆ. ಮೊಣಕಾಲು ಕಟಕಟ, ಹಲ್ಲು ಕಟಕಟ. ಮಫ್ಲರಿನ ತುದಿ ಬಿಚ್ಚಿ ಹಿಂದೆ ಹಾರಾಡುತ್ತಿತ್ತು. ಕೆಂಪು ದೀಪ ಮಂಜಿನಲ್ಲಿ ಒಮ್ಮೆ ಕಂಡು ಒಮ್ಮೆ ಆರುತ್ತಿತ್ತು. ಸ್ವಲ್ಪ ಹತ್ತಿರವಾದಾಗ ಶಕ್ತಿಯೆಲ್ಲ ಸೇರಿಸಿ ಕೂಗಿದೆ. ಗಂಟಲು ಕಟ್ಟಿದ್ದರಿಂದ ಹೊರಬಂದದ್ದು ಬಾವಿಯೊಳಗಿನ ಧ್ವನಿ:

"ಲೋಕೇಶಾ... ನನ್ ಬಿಟ್ಟು ಹೋಗ್ಬೇಡ ಕಣೋ..."

ಉಸಿರು ಸಾಲದೆ ಒಂದೇ ಸಲ ಕೂಗಿದೆ. ಲೋಕೇಶನಿಗೂ ಒಬ್ಬ ಅಜ್ಜಿ ಇದ್ದಿರಬೇಕು. ಅವನು ಓಗೊಡಲಿಲ್ಲ. ನಿಧಾನವಾಗಿ ಕುತ್ತಿಗೆ ತಿರುಗಿಸಿದ. ಯಾರೂ ಇರಬಾರದ ಜಾಗದಲ್ಲಿ, ಮಂಜಿನಿಂದ ಹೊರಬರುತ್ತಿದ್ದ ಬಿಳಿ ತಲೆ, ಅದರ ನಡುವೆ ಕಪ್ಪು ಮುಖ, ಮುಖದಲ್ಲಿ ಕಟಕಟಿಸುವ ಹಲ್ಲು.

"ಅವ್ವೋ!" ಎಂದವನೇ ಓಟ ಕಿತ್ತ.

ಆಮೇಲೆ ನಡೆದದ್ದೇ ಆ ದಿನದ ನಿಜವಾದ ರೇಸು. ಅವನು ಪ್ರಾಣಕ್ಕಾಗಿ ತುಳಿದ, ನಾನು ಮೆಡಲ್ಲಿಗಾಗಿ ತುಳಿದೆ. ನಾನು "ನಿಂತ್ಕೋ" ಎಂದಷ್ಟೂ ಅವನು ಹಾರಿದ. ಹಳ್ಳಿಗಳು ಬಂದವು, ಹೋದವು. ಹಾಲಿನ ಕ್ಯಾನು ಹಿಡಿದಿದ್ದವಳೊಬ್ಬಳು ನಮ್ಮಿಬ್ಬರನ್ನೂ ನೋಡಿ, ಮೊದಲನೆಯವನಿಗೆ ದಾರಿ ಬಿಟ್ಟು, ಎರಡನೆಯವನಿಗೆ ಕೈಮುಗಿದಳು.

ಕುಣಿಗಲ್ ಕೆರೆ ಏರಿಯ ಹತ್ತಿರ ಗೆರೆ ಹಾಕಿದ್ದರು. ಲೋಕೇಶ ಗೆರೆ ದಾಟಿ, ಸೈಕಲ್ ಒಂದು ಕಡೆ ಬಿಸಾಕಿ, ಇನ್ನೊಂದು ಕಡೆ ತಾನು ಬಿದ್ದ. ಎಲ್ಲರೂ ಅವನತ್ತ ಓಡಿದರು. ಟೈಮ್ ಬರೆಯುವವನೂ ಕುರ್ಚಿ ಬಿಟ್ಟು ಓಡಿದ. ಆ ಗಳಿಗೆಯಲ್ಲಿ, ಸಮಯಕ್ಕೆ ಸರಿಯಾಗಿ, ನಾನು ಗೆರೆ ದಾಟಿದೆ. ನೋಡಿದ್ದು ಒಂದು ಎಮ್ಮೆ.

ಇಲ್ಲಾದರೂ ಬುದ್ಧಿ ಉಪಯೋಗಿಸಿ ನೇರವಾಗಿ ಅವರ ಮುಂದೆ ಹೋಗಿ ನಿಂತಿದ್ದರೆ! ಆದರೆ ಕೊಳಕು ಮುಖದಲ್ಲಿ ನಾಲ್ಕು ಜನರ ಮುಂದೆ ನಿಂತವನಲ್ಲ ನಾನು. ಕೆರೆಯ ಮೆಟ್ಟಿಲಿಳಿದು ಮುಖದ ಗ್ರೀಸನ್ನು ಕಲ್ಲಿನಿಂದ ಉಜ್ಜಿ ತೊಳೆದೆ. ತಲೆ ಬಾಚಿದೆ. ಮಫ್ಲರನ್ನು ನೀಟಾಗಿ ಮಡಿಸಿ ಜೇಬಿಗಿಟ್ಟೆ. ಸಾಕ್ಷ್ಯವನ್ನೆಲ್ಲ ಇಷ್ಟು ಅಚ್ಚುಕಟ್ಟಾಗಿ ಯಾವ ಕಳ್ಳನೂ ನಾಶಪಡಿಸಿರಲಾರ.

ಮೇಲೆ ಬಂದರೆ ಲೋಕೇಶನಿಗೆ ನಿಂಬೆಹಣ್ಣಿನ ಪಾನಕ ಕುಡಿಸುತ್ತಿದ್ದರು. ಗುಂಪಿನ ನಡುವೆ ಶಾಂತಾ, ಮಹದೇವ.

"ಕಾಲೇ ಇರ್ಲಿಲ್ಲ ಕಣಣ್ಣ ಅದುಕ್ಕೆ!" ಲೋಕೇಶ ಹೇಳುತ್ತಿದ್ದ. "ಹುಣಸೆ ಮರದಿಂದ ಇಳಿದು ಗಾಳೀಲೇ ತೇಲ್ಕೊಂಡ್ ಬಂತು. ನನ್ ಹೆಸರಿಡ್ದು ಕೂಗ್ತು!"

ಹೇಮಂತ ನನ್ನನ್ನು ಕಂಡ. "ಅಯ್ಯೋ ರುದ್ರಪ್ಪನೋರೇ, ಎಲ್ಲಿದ್ರಿ ಸಾರ್? ನಮ್ ಎದೆ ಒಡೆದೋಗಿತ್ತು. ಮಧ್ಯದಲ್ಲೇ ಬಿಟ್ಬಿಟ್ಟು ಯಾವುದಾದ್ರೂ ಗಾಡೀಲಿ ಬಂದ್ರಾ?"

"ಸೈಕಲ್ ತುಳ್ಕೊಂಡೇ ಬಂದೆ. ಟೈಮಿನೊಳಗೇ ಗೆರೆ ದಾಟಿದೀನಿ."

"ಯಾರು ನೋಡಿದ್ರು ಸಾರ್? ಲೋಕೇಶನೇ ಲಾಸ್ಟು."

"ನನ್ ಹಿಂದೆ ನರಮನುಷ್ಯ್ರು ಯಾರೂ ಇರ್ಲಿಲ್ಲ" ಎಂದ ಲೋಕೇಶ, ಕಣ್ಣು ಮುಚ್ಚಿಕೊಂಡೇ. "ಇದ್ದಿದ್ದು ಅದೊಂದೇ."

ಪರಿಸ್ಥಿತಿ ಸ್ಪಷ್ಟವಾಗಿತ್ತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಸೈಕಲ್ಲು ಹೋಗುತ್ತದೆ. ನಿಜ ಹೇಳಿದರೆ ಸೈಕಲ್ಲು ಉಳಿಯುತ್ತದೆ. ಆದರೆ ರುದ್ರಪ್ಪ ಹೆದರಿ ಮರದ ಹಿಂದೆ ಅವಿತಿದ್ದ ಎಂದು ತುಮಕೂರಿಗೆಲ್ಲ ಗೊತ್ತಾಗುತ್ತದೆ. ಶಾಂತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಮಹದೇವ ನನ್ನ ಸೈಕಲ್ಲಿನ ಬ್ರೇಕು ಒತ್ತಿ ನೋಡುತ್ತಿದ್ದ.

ಆ ಒತ್ತುವಿಕೆಯನ್ನು ನನ್ನಿಂದ ಸಹಿಸಲಾಗಲಿಲ್ಲ.

"ಅದು ನಾನೇ!" ಎಂದು ಘೋಷಿಸಿದೆ. "ಲೋಕೇಶನ ಬೆಳಕು ನೋಡಿ ದೆವ್ವ ಅಂದ್ಕೊಂಡು ಮರದ ಹಿಂದೆ ಅವಿತಿದ್ದೆ. ಆಮೇಲೆ ಅಟ್ಟಿಸ್ಕೊಂಡು ಬಂದಿದ್ದೂ ನಾನೇ. ಈಗ ಮೆಡಲ್ ಕೊಡಿ."

ಲೋಕೇಶ ಕಣ್ಣು ತೆರೆದು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಬಾಚಿದ ತಲೆ, ತೊಳೆದ ಮುಖ, ಬಾಗಿದ ಬೆನ್ನು. ಆಮೇಲೆ ಅವನ ಕಣ್ಣಲ್ಲಿ ನೀರು ತುಂಬಿತು. ನನ್ನ ಕೈ ಹಿಡಿದುಕೊಂಡ.

"ದೊಡ್ಡ ಮನಸ್ಸು ಸಾರ್ ನಿಮ್ದು. ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರ. ಆದ್ರೆ ಅದು ನೀವಲ್ಲ ಬುಡಿ. ಅದು ಭಾಳ ಸ್ಪೀಡಿತ್ತು."

"ಹೌದು ಸಾರ್" ಎಂದ ಹೇಮಂತ. "ಲೋಕೇಶ ನಮ್ ಕ್ಲಬ್ಬಲ್ಲೇ ಫಾಸ್ಟು. ಅವನನ್ನ ಆಪಾಟಿ ಅಟ್ಟಿಸ್ಕೊಂಡ್ ಬರೋಕೆ..." ಮಾತು ಮುಗಿಸದೆ, ಗೌರವದಿಂದ ನನ್ನ ಮೊಣಕಾಲುಗಳ ಕಡೆ ನೋಡಿದ.

ಕೊನೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದೆ. "ಶಾಂತಾ, ನೀನಾದ್ರೂ ಹೇಳು ಕಣೇ."

ಅವಳು ಅರೆಗಳಿಗೆ ಯೋಚಿಸಿದಳು. "ಅವಿತ್ಕೊಂಡಿದ್ದು ಇವ್ರೇ ಇರ್ಬೋದು" ಎಂದಳು. "ಅಟ್ಟಿಸ್ಕೊಂಡ್ ಬಂದಿದ್ದು ಮಾತ್ರ ಇವ್ರಲ್ಲ."

ಅವಿತದ್ದನ್ನು ಎಲ್ಲರೂ ನಂಬಿದರು. ಮಹದೇವ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡ. ಮುಂದಿನ ರೇಸಿಗೆ ಆ ಹುಣಸೆ ಮರಗಳ ರಸ್ತೆ ಬೇಡವೆಂದು ಕ್ಲಬ್ಬಿನಲ್ಲಿ ಒಮ್ಮತದ ತೀರ್ಮಾನವಾಗಿದೆ. ನನ್ನ ಬದುಕಿನ ಅತ್ಯಂತ ವೇಗದ ಸವಾರಿ, ಗುಬ್ಬಿ ಸೀಮೆಯ ಯಾವುದೋ ಹೆಸರಿಲ್ಲದ ದೆವ್ವದ ಖಾತೆಗೆ ಜಮೆಯಾಗಿದೆ.