ಗುಂಡಿ ಒತ್ತಿ ನಮಸ್ಕಾರ

ಕಸದ ಚೀಲ ಇಡಲು ಬೀದಿ ಮೂಲೆಗೆ ಹೋದ ಮಿನೊಬೆ ಇಸಾಬುರೋ ಬರಿಗೈಯಲ್ಲಿ ವಾಪಸಾಗಬೇಕಿತ್ತು. ಬದಲಿಗೆ ಒಂದು ಚಿಂತೆಯನ್ನು ಹೊತ್ತು ತಂದರು. ಅದನ್ನು ಹೊರಿಸಿದವರು ಎದುರುಮನೆಯ ವಿಧವೆ ಕುರೊಗಿ ಸಾನ್. ಬೀದಿಯವರ ಕಸದಿಂದ ಹಿಡಿದು ಕಷ್ಟಸುಖದವರೆಗೆ ಎಲ್ಲದರ ಉಸ್ತುವಾರಿ ಆಕೆಯದೇ.

"ನಿಮ್ಮ ಜೀವ ಉಳಿಸಿದ ಆ ಹುಡುಗೀಗೆ ಏನು ಕೊಟ್ರಿ?"

"ಯಾವ ಹುಡುಗಿ?"

"ನಿಮ್ಮ ಕಾರಿನೊಳಗೆ ಮಾತಾಡಿದ್ಳಲ್ಲ, ಅವಳು ಕಣ್ರೀ!"

ಹೋದ ತಿಂಗಳು ಒಂದು ಬೆಕ್ಕನ್ನು ಉಳಿಸಲು ಹೋಗಿ ಇಸಾಬುರೋ ಕಾರಿನ ಸಮೇತ ಭತ್ತದ ಗದ್ದೆಗೆ ಇಳಿದಿದ್ದರು. ಏರ್‌ಬ್ಯಾಗ್ ಢಬ್ಬೆಂದು ಉಬ್ಬಿದ್ದೇ ತಡ, ಕಾರು ತಾನಾಗಿಯೇ ತುರ್ತು ಕೇಂದ್ರಕ್ಕೆ ಕರೆ ಮಾಡಿತ್ತು. ಯಾವ ಊರು, ಯಾವ ಗದ್ದೆ, ಎಷ್ಟು ಜೋರಾಗಿ ಬಿತ್ತು, ಎಲ್ಲವನ್ನೂ ಅದೇ ವರದಿ ಮಾಡಿತ್ತು. ಕಾರಿನ ಚಾವಣಿಯಿಂದ ಒಂದು ಹೆಣ್ಣುದನಿ, ಬಲು ಗೌರವದಿಂದ, "ಮಿನೊಬೆ ಸಾಮಾ, ಆಂಬುಲೆನ್ಸ್ ಹೊರಟಿದೆ. ಬರೋವರೆಗೂ ನಾನು ಇಲ್ಲೇ ಇರ್ತೀನಿ" ಎಂದಿತು, ಹಾಗೆಯೇ ಇತ್ತು. ಕೆಸರು, ಕಪ್ಪೆಗಳ ನಡುವೆ ಆ ದನಿ ಕೇಳಿ ಎಪ್ಪತ್ತನಾಲ್ಕರ ಮುದುಕ ಮಗುವಿನಂತೆ ಅತ್ತಿದ್ದರು.

ಮನೆಗೆ ಬಂದಾಗ ಹೆಂಡತಿ ಫುಮಿ ಒಂದೇ ಮಾತು ಹೇಳಿದ್ದಳು: "ಇನ್ನೊಂದು ಸಲ ನಿಮಗೋಸ್ಕರ ಆಂಬುಲೆನ್ಸ್ ಬಂತೋ, ಮಾರನೇ ದಿನವೇ ಲೈಸೆನ್ಸ್ ವಾಪಸ್ ಕೊಡ್ಬೇಕು." ಬಸ್ಸೆಂಬುದು ಅಪರೂಪದ ಆ ಊರಿನಲ್ಲಿ ಕಾರಿಲ್ಲದಿದ್ದರೆ ಮೀನು ಹಿಡಿಯಲು ಕಡಲತೀರವೂ ಇಲ್ಲ, ಬಿಸಿನೀರ ಬುಗ್ಗೆಯೂ ಇಲ್ಲ. ಇಸಾಬುರೋ ಒಲ್ಲದ ಮನಸ್ಸಿನಿಂದಲೇ ಒಪ್ಪಿದ್ದರು.

ಈಗ ಈ ಹೊಸ ಚಿಂತೆ. ಕೂಡಲೇ ಕಾರು ಕಂಪನಿಗೆ ಫೋನ್ ಮಾಡಿದರು. "ಅದು ನಮ್ಮ ಕರ್ತವ್ಯ, ಉಡುಗೊರೆ ಬೇಡ" ಎಂದರು ಅಲ್ಲಿಯವರು.

"ಮೊದಲ ಸಲ ಯಾರಾದ್ರೂ ಬೇಕು ಅಂತಾರೇನ್ರೀ?" ಎಂದರು ಕುರೊಗಿ ಸಾನ್, ಬೇಲಿಯಾಚೆಯಿಂದ. "ಮೂರು ಸಲ ಹೇಳ್ಬೇಕು. ಇಲ್ದಿದ್ರೆ ಜಿಪುಣ ಅಂದ್ಕೋತಾರೆ."

ಎರಡನೇ ಸಲವೂ ಕಂಪನಿಯವರು ಬೇಡ ಎಂದರು. ಆ ಹುಡುಗಿಯ ಹೆಸರನ್ನೂ ಹೇಳಲಿಲ್ಲ. ಇಷ್ಟಾದ ಮೇಲೆ ಉಳಿದದ್ದು ಒಂದೇ ದಾರಿ. ಇಸಾಬುರೋ ಶುಭ್ರ ಅಂಗಿ ತೊಟ್ಟು, ಕೋಟು ಹಾಕಿ, ಮನೆಮುಂದೆ ನಿಂತ ಕಾರಿನೊಳಗೆ ಕೂತು ಚಾಲೂ ಮಾಡಿದರು. ತಲೆಯ ಮೇಲಿನ ಮುಚ್ಚಳ ಸರಿಸಿ ತುರ್ತು ಕರೆಯ ಕೆಂಪು ಗುಂಡಿ ಒತ್ತಿದರು.

"ತುರ್ತು ಕೇಂದ್ರ. ಮಿನೊಬೆ ಸಾಮಾ, ಏನಾಯ್ತು?"

ಅದೇ ದನಿ! ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. ಮಾತು ಬಾರದಿದ್ದರೇನು, ನಮಸ್ಕಾರವಿದೆಯಲ್ಲ. ಇಸಾಬುರೋ ಸೊಂಟ ಬಗ್ಗಿಸಿ ತಲೆಬಾಗಿದರು. ಉಪಕಾರ ಎಷ್ಟು ದೊಡ್ಡದೋ ಬಾಗುವುದೂ ಅಷ್ಟೇ ಹೊತ್ತು. ಇದು ಜೀವದ ಉಪಕಾರ. ಹಣೆ ಸ್ಟಿಯರಿಂಗಿಗೆ ಒತ್ತಿ ಹಾರನ್ ಬೀದಿಯುದ್ದಕ್ಕೂ ಕೂಗತೊಡಗಿತು. ಆದರೂ ಅವರು ತಲೆ ಎತ್ತಲಿಲ್ಲ. ಅರ್ಧಕ್ಕೆ ನಿಲ್ಲಿಸಿದ ನಮಸ್ಕಾರ ನಮಸ್ಕಾರವೇ?

"ಮಿನೊಬೆ ಸಾಮಾ? ಕೇಳಿಸ್ತಿದೆಯಾ? ಮಿನೊಬೆ ಸಾಮಾ!"

ಉತ್ತರವಿಲ್ಲದ ಕರೆಗೆ ಕೇಂದ್ರದವರು ಏನು ಮಾಡಬೇಕೋ ಅದನ್ನೇ ಮಾಡಿದರು. ಇಸಾಬುರೋ ತೃಪ್ತಿಯಿಂದ ತಲೆ ಎತ್ತಿ "ಧನ್ಯವಾದ ಹೇಳೋಣ ಅಂತ..." ಎನ್ನುವಷ್ಟರಲ್ಲಿ ಆಂಬುಲೆನ್ಸಿನ ಸದ್ದು ತಿರುವಿನಲ್ಲಿತ್ತು.

ಫುಮಿ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದಳು. ಆಂಬುಲೆನ್ಸಿನವರು ನಾಡಿ ಹಿಡಿದು, ರಕ್ತದೊತ್ತಡ ನೋಡಿ, "ತಾತ ಗಟ್ಟಿಮುಟ್ಟಾಗಿದ್ದಾರೆ" ಎಂದರು. ವಿಷಯವೆಲ್ಲ ಚಾವಣಿಯ ದನಿಗೂ ತಿಳಿಯಿತು.

"ಇನ್ಮೇಲೆ ದಯವಿಟ್ಟು ಹೀಗೆ ಒತ್ಬೇಡಿ," ಎಂದಿತು ಅದು. "ಆದ್ರೆ... ಆಂಬುಲೆನ್ಸ್ ಬಂದಮೇಲೆ ಕರೆ ಮುಗಿದುಹೋಗುತ್ತೆ. ಕಾರಲ್ಲಿದ್ದವರು ಬದುಕಿದ್ರಾ, ಮನೆಗೆ ಹೋದ್ರಾ, ನಮಗೆ ಗೊತ್ತೇ ಆಗಲ್ಲ. ಇವತ್ತು ಗೊತ್ತಾಯ್ತು. ನಾನೇ ನಿಮಗೆ ಧನ್ಯವಾದ ಹೇಳ್ಬೇಕು."

ಫುಮಿ ಸೌಟು ಹಿಡಿದೇ ಚಾವಣಿಗೆ ಆಳವಾಗಿ ನಮಸ್ಕರಿಸಿದಳು. ಕಣ್ಣು ಒದ್ದೆಯಾಗಿತ್ತು. ಇಸಾಬುರೋಗೆ ಆಸೆ ಚಿಗುರಿತು. "ಹಾಗಾದ್ರೆ ಲೈಸೆನ್ಸು..."

"ನಾಳೆ ಬೆಳಿಗ್ಗೇನೇ ವಾಪಸ್."

"ಕಾರು ಮಾರಿಬಿಡೋದಾ?"

"ಮಾರೋದಾ? ಇಷ್ಟು ಮುತುವರ್ಜಿಯಿಂದ ನಿಮ್ಮನ್ನ ಯಾರು ನೋಡ್ಕೋತಾರೆ? ಮನೇಲಿ ಜಾರಿ ಬಿದ್ರೆ ಏನಾಯ್ತು ಅಂತ ಕೇಳೋಕೆ ಗೋಡೆಗೆ ಬಾಯಿದೆಯಾ? ನಾನು ಹೊರಗೆ ಹೋದಾಗೆಲ್ಲ ನೀವು ಇದರೊಳಗೇ ಕೂತಿರ್ಬೇಕು."

ಲೈಸೆನ್ಸ್ ಹೋಯಿತು. ಮರುದಿನ ಮಧ್ಯಾಹ್ನ ಫುಮಿ ಹಾಡಿನ ಕ್ಲಾಸಿಗೆ ಹೊರಟಳು. ಇಸಾಬುರೋ ನಿಂತ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು, ಕಡಲಿನ ದಿಕ್ಕಿಗೆ ನೋಡುತ್ತ ಕೂತರು. ಹಿಂದಿನ ಬಾಗಿಲು ತೆರೆಯಿತು. ಚಹಾದ ಫ್ಲಾಸ್ಕಿನೊಂದಿಗೆ ಕುರೊಗಿ ಸಾನ್.

"ನಾನೂ ಕೂತ್ಕೊಳ್ಲಾ? ನಮ್ಮನೇಲಿ ನನ್ನನ್ನ ಹೇಗಿದ್ದೀರಿ ಅಂತ ಕೇಳೋರು ಯಾರೂ ಇಲ್ಲ ನೋಡಿ."

ಇಸಾಬುರೋ ಮನಸ್ಸು ಕರಗಿತು. "ಬನ್ನಿ, ಬನ್ನಿ" ಎಂದರು.

ಆಕೆ ಆರಾಮವಾಗಿ ಕೂತು, ಬೆಲ್ಟ್ ಬಿಗಿದುಕೊಂಡು, ಮುಂದಕ್ಕೆ ಬಾಗಿ ಹೇಳಿದರು: "ಸ್ವಲ್ಪ ನಿಧಾನಕ್ಕೆ ಓಡಿಸಿ ಕಣ್ರೀ."